ಮನೆಯ ರೂಟರಿನ ನೆನಪು: ತಾನಾಗಿ ನಡೆಯುವ ಮೀಸಲು ಪ್ರತಿಯ ವ್ಯವಸ್ಥೆ

(ಹೊರನಾಡ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



ಇಂದು ನಾನು ಆಯ್ದುಕೊಂಡಿರುವ ವಿಷಯ ತೀರ ಚಿಕ್ಕದೆಂದು ನಿಮಗೆ ತೋರಬಹುದು. ನಮ್ಮ ನಿಮ್ಮೆಲ್ಲರ ಮನೆಗಳಲ್ಲಿ ದೂರದರ್ಶನದ ಹಿಂದೆಯೋ ಚಪ್ಪಲಿ ಕಪಾಟಿನ ಮೇಲೆಯೋ ಹಸಿರು ದೀಪಗಳನ್ನು ಮಿನುಗಿಸುತ್ತ ಕುಳಿತಿರುವ ರೂಟರ್ ಎಂಬ ಪೆಟ್ಟಿಗೆಯ ಬಗೆಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ವೃತ್ತಿಯಿಂದ ಎಂಜಿನಿಯರನಲ್ಲ. ಸಚಿವಾಲಯವೊಂದರಲ್ಲಿ ಅನುವಾದಕನಾಗಿರುವ, ಕನ್ನಡ ಸಾಹಿತ್ಯವನ್ನು ಓದಿಕೊಂಡು ಬಂದವನು. ಆದರೂ ಈ ವಿಷಯವನ್ನು ಕಲಿಯಲೇಬೇಕಾದ ಸಂದರ್ಭ ನನಗೆ ಒದಗಿಬಂದಿತು. ಅದನ್ನು ಹೇಳಿಯೇ ಮುಂದುವರಿಯುವುದು ಸೂಕ್ತವೆಂದು ಭಾವಿಸುತ್ತೇನೆ.

ನನ್ನ ಅಕ್ಕ ಪುಣೆಯಲ್ಲಿ ನೆಲೆಸಿದ್ದಾಳೆ. ಭಾವನವರಿಗೆ ಯಂತ್ರಗಳಲ್ಲಿ ಬಹಳ ಆಸಕ್ತಿ. ಮನೆಯ ಅಂತರಜಾಲ ಸಂಪರ್ಕ, ಬಾಗಿಲ ಬಳಿಯ ಕ್ಯಾಮೆರಾ, ಮುದ್ರಣಯಂತ್ರ ಇವೆಲ್ಲವನ್ನೂ ಒಂದಕ್ಕೊಂದು ಹೊಂದಿಸಿದವರು ಅವರೇ. 2021ರಲ್ಲಿ ಅವರು ತೀರಿಕೊಂಡರು. ಮಗಳು ವಿದೇಶದಲ್ಲಿದ್ದಾಳೆ. ಪ್ರತಿರಾತ್ರಿ ತಾಯಿ ಮಗಳು ಪರದೆಯ ಮೇಲೆ ಮುಖ ನೋಡಿ ಮಾತನಾಡುವುದು ರೂಢಿ. ಬಾಗಿಲಿನ ಕ್ಯಾಮೆರಾದ ಮೂಲಕ ಮನೆ ಭದ್ರವಾಗಿದೆಯೇ ಎಂದು ಮಗಳು ಅಲ್ಲಿಂದಲೇ ನೋಡಿಕೊಳ್ಳುವಳು. 2022ರ ಮಳೆಗಾಲದಲ್ಲಿ ಸಂಪರ್ಕ ಕೆಟ್ಟಿದೆಯೆಂದು ಬಂದ ಕೆಲಸಗಾರನೊಬ್ಬನು ರೂಟರಿನ ಹಿಂಭಾಗದ ಸಣ್ಣ ರಂಧ್ರದೊಳಗೆ ಗುಂಡುಸೂಜಿ ತೂರಿಸಿ ಗುಂಡಿಯನ್ನು ಒತ್ತಿದನು. ಹತ್ತು ಸೆಕೆಂಡುಗಳೊಳಗಾಗಿ ಭಾವನವರು ವರ್ಷಗಳಿಂದ ಕಟ್ಟಿದ್ದ ವ್ಯವಸ್ಥೆಯೆಲ್ಲ ಅಳಿಸಿಹೋಯಿತು.

ಸಂಪರ್ಕಕ್ಕೆ ಬೇಕಾದ ಖಾತೆಯ ಹೆಸರು ಯಾರಿಗೂ ತಿಳಿಯದು. ಗುಪ್ತಪದ ಎಲ್ಲಿಯೂ ಬರೆದಿಲ್ಲ. ಅಕ್ಕನ ಮನೆಯೊಳಗೆ ಮೊಬೈಲಿನ ಸಂಕೇತವೂ ಸರಿಯಾಗಿ ಸಿಗದು, ಬಾಲ್ಕನಿಗೆ ಬಂದು ನಿಲ್ಲಬೇಕು. ಅಲ್ಲಿ ನಿಂತು ಅವಳು ನನಗೆ ದೂರವಾಣಿ ಮಾಡಿದಳು. "ಎಲ್ಲಾದರೂ ಬರೆದಿಟ್ಟಿರಬೇಕು, ಡೈರಿ ನೋಡಕ್ಕ" ಎಂದೆ. "ಅವರು ಇದ್ದಾಗ ಎಲ್ಲ ತಾನಾಗಿ ನಡೀತಿತ್ತು ಕಣೋ. ಏನು ಮಾಡ್ತಿದ್ದರು ಅಂತ ನಾನು ಒಂದು ದಿನಾನೂ ಕೇಳಲಿಲ್ಲ" ಎಂದಳು. ಮಗಳ ಮುಖ ಕಾಣದೆ ನಾಲ್ಕು ರಾತ್ರಿ ಕಳೆದವು.

ಆಮೇಲೆ ನಾನು ಪುಣೆಗೆ ಹೋಗಿ ಭಾವನವರ ಗಣಕಯಂತ್ರವನ್ನು ತೆರೆದು ನೋಡಿದೆ. ಅದರಲ್ಲಿ ರೂಟರಿನ ಮೀಸಲು ಪ್ರತಿಯೊಂದು ಇದ್ದಿತು. ಆದರೆ ಅದು 2018ರದು, ಅದಕ್ಕೂ ಹಿಂದಿನ ಬೇರೊಂದು ರೂಟರಿನದು. ಒಳ್ಳೆಯ ಉದ್ದೇಶದಿಂದ ಒಮ್ಮೆ ಮಾಡಿ ಮರೆತುಬಿಟ್ಟ ಕೆಲಸ ಅದು. ನಮ್ಮಲ್ಲಿ ಬಹುಮಂದಿಯ ಸ್ಥಿತಿಯೂ ಇದೇ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ರೂಟರಿನಲ್ಲಿ ಅಡಗಿರುವುದೇನು?

ಹೊರಗಿನ ಅಂತರಜಾಲಕ್ಕೂ ಮನೆಯೊಳಗಿನ ಉಪಕರಣಗಳಿಗೂ ನಡುವೆ ನಿಂತು ಸಂದೇಶಗಳನ್ನು ಸರಿಯಾದ ಕಡೆಗೆ ಕಳಿಸುವ ಯಂತ್ರವೇ ರೂಟರ್. ಅದೂ ಒಂದು ಪುಟ್ಟ ಗಣಕಯಂತ್ರವೇ. ಅದರೊಳಗಿನ ಫ್ಲಾಶ್ ಸ್ಮೃತಿಯಲ್ಲಿ ಎರಡು ಬಗೆಯ ಸಂಗತಿಗಳು ಇರುತ್ತವೆ. ಮೊದಲನೆಯದು ತಯಾರಕರು ಅಳವಡಿಸಿದ ತಂತ್ರಾಂಶ. ಎರಡನೆಯದು ನಾವು ಮಾಡಿಕೊಂಡ ಹೊಂದಾಣಿಕೆಗಳು, ಅಂದರೆ ಸೆಟ್ಟಿಂಗುಗಳು. ವೈ-ಫೈ ಜಾಲದ ಹೆಸರು, ಅದರ ಗುಪ್ತಪದ, ಸೇವಾ ಸಂಸ್ಥೆಯ ಖಾತೆಯ ವಿವರ, ಮುದ್ರಣಯಂತ್ರಕ್ಕೆ ಕಾದಿರಿಸಿದ ವಿಳಾಸ, ಮಕ್ಕಳ ಉಪಕರಣಗಳಿಗೆ ಹಾಕಿದ ಸಮಯದ ಮಿತಿ, ಹೊರಗಿನಿಂದ ಯಾರು ಒಳಬರಬಹುದು ಬಾರದು ಎಂಬ ನಿಯಮಗಳು ಇವೆಲ್ಲ ಎರಡನೆಯ ಬಗೆಗೆ ಸೇರುತ್ತವೆ. ತಂತ್ರಾಂಶವನ್ನು ಮತ್ತೆ ಪಡೆಯಬಹುದು. ಹೊಂದಾಣಿಕೆಗಳು ಆಯಾ ಮನೆಯವು. ಕಳೆದುಕೊಂಡರೆ ಮತ್ತೆ ಕೊಡುವವರಿಲ್ಲ.

ಇವು ನಷ್ಟವಾಗುವ ದಾರಿಗಳು ಹಲವು. ಸಿಡಿಲು ಮಳೆಯ ದಿನ ವಿದ್ಯುತ್ತಿನ ಏರುಪೇರಿನಿಂದ ಯಂತ್ರವೇ ಸುಟ್ಟುಹೋಗಬಹುದು. ತಂತ್ರಾಂಶವನ್ನು ನವೀಕರಿಸುವಾಗ ಮಧ್ಯದಲ್ಲಿ ವಿದ್ಯುತ್ ಹೋಗಬಹುದು. ಸೇವಾ ಸಂಸ್ಥೆಯವರು ಹಳೆಯ ಪೆಟ್ಟಿಗೆಯನ್ನು ಒಯ್ದು ಹೊಸದನ್ನು ಕೊಡಬಹುದು. ಇನ್ನು ಕೆಲವೊಮ್ಮೆ ನಾವೇ ಅಳಿಸಬೇಕಾದ ಪ್ರಸಂಗ ಬರುತ್ತದೆ. 2018ರ ಮೇ ತಿಂಗಳಿನಲ್ಲಿ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶವು 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಉಪಕರಣಗಳನ್ನು ಹೊಕ್ಕಿರುವುದು ಬಯಲಿಗೆ ಬಂದಾಗ, ರೂಟರನ್ನು ಕಾರ್ಖಾನೆಯ ಮೂಲಸ್ಥಿತಿಗೆ ಮರಳಿಸಬೇಕೆಂದು ತಜ್ಞರು ಸಲಹೆ ನೀಡಿದರು. ಅದಕ್ಕೂ ಮೊದಲು, 2017ರ ಜುಲೈಯಲ್ಲಿ, ಭಾರತ ಸಂಚಾರ ನಿಗಮದ ಕರ್ನಾಟಕ ವಲಯದಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮುಗಳು ಇಂತಹುದೇ ದಾಳಿಗೆ ತುತ್ತಾದವು. ಕಾರ್ಖಾನೆಯಲ್ಲಿ ಹಾಕಿದ್ದ ಗುಪ್ತಪದವನ್ನು ಕೂಡಲೇ ಬದಲಿಸುವಂತೆ ಗ್ರಾಹಕರಿಗೆ ಸೂಚಿಸಲಾಯಿತು. ಇಂತಹ ವೇಳೆಯಲ್ಲಿ ಮೀಸಲು ಪ್ರತಿ ಇದ್ದವನು ನಿರ್ಭಯವಾಗಿ ಗುಂಡಿ ಒತ್ತುವನು. ಇಲ್ಲದವನು ಹಿಂದೆ ಮುಂದೆ ನೋಡುತ್ತ, ಅಪಾಯವನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವನು.

ಕೈಯಿಂದ ಮಾಡುವ ಕೆಲಸವೇಕೆ ನಿಲ್ಲುತ್ತದೆ?

ಬಹುಪಾಲು ರೂಟರುಗಳ ನಿರ್ವಹಣೆಯ ಪುಟದಲ್ಲಿ ಬ್ಯಾಕಪ್ ಎಂಬ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಹೊಂದಾಣಿಕೆಗಳೆಲ್ಲ ಒಂದು ಕಡತವಾಗಿ ನಮ್ಮ ಗಣಕಯಂತ್ರಕ್ಕೆ ಇಳಿಯುತ್ತವೆ. ಒಟ್ಟು ಎರಡು ನಿಮಿಷದ ಕೆಲಸ. ಆದರೆ ಮನೆಯಲ್ಲಿ ಯಾವುದೂ ಕೆಡದಿರುವಾಗ ಆ ಎರಡು ನಿಮಿಷ ನಮಗೆ ಸಿಗುವುದಿಲ್ಲ, ಕೆಟ್ಟ ಮೇಲೆ ಪ್ರಯೋಜನವಿಲ್ಲ. ಹಾಗೆಯೇ ಹೊಂದಾಣಿಕೆಯನ್ನು ಬದಲಿಸಿದ ದಿನ ಹೊಸ ಪ್ರತಿ ತೆಗೆಯಬೇಕೆಂಬುದೂ ನೆನಪಿಗೆ ಬರುವುದಿಲ್ಲ. ಆದುದರಿಂದ ನೆನಪಿಡುವ ಹೊಣೆಯನ್ನು ಯಂತ್ರಕ್ಕೇ ಒಪ್ಪಿಸುವುದು ಜಾಣತನ. ಇದಕ್ಕೆ ಬೇಕಾದುದು ಸ್ಕ್ರಿಪ್ಟ್. ಒಂದರ ಕೆಳಗೊಂದರಂತೆ ಬರೆದಿಟ್ಟ ಆದೇಶಗಳ ಪಟ್ಟಿಗೆ ಈ ಹೆಸರು. ಅಡುಗೆಯವನಿಗೆ ಬರೆದುಕೊಟ್ಟ ಚೀಟಿಯಂತೆ, ಗಣಕಯಂತ್ರವು ಅದನ್ನು ಮೇಲಿನಿಂದ ಕೆಳಗೆ ಓದಿ ನಡೆಸುತ್ತದೆ.

ಅಕ್ಕನ ಮನೆಯಲ್ಲಿ ಮಾಡಿದ ಏರ್ಪಾಡು

ಭಾವನವರ ರೂಟರಿನಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶವಿತ್ತು. ಲಿಂಕ್‌ಸಿಸ್ ಸಂಸ್ಥೆಯ ರೂಟರೊಂದರ ಮೂಲ ಸಂಕೇತವು ಬಹಿರಂಗಗೊಂಡುದರ ಫಲವಾಗಿ 2004ರಲ್ಲಿ ಆರಂಭಗೊಂಡ ಯೋಜನೆ ಅದು. ಅದರಲ್ಲಿ ಹೊಂದಾಣಿಕೆಗಳೆಲ್ಲ ಸರಳ ಪಠ್ಯದ ಕಡತಗಳಾಗಿ ಒಂದೆಡೆ ಇರುತ್ತವೆ. ಸಿಸ್‌ಅಪ್‌ಗ್ರೇಡ್ ಎಂಬ ಆದೇಶಕ್ಕೆ ಮೀಸಲು ಪ್ರತಿಯನ್ನು ಸೂಚಿಸುವ ಅಕ್ಷರವನ್ನು ಸೇರಿಸಿ ಕೊಟ್ಟರೆ, ಅದು ಈ ಕಡತಗಳನ್ನು ಒಟ್ಟುಗೂಡಿಸಿ, ಕುಗ್ಗಿಸಿ ಒಂದೇ ಕಟ್ಟಾಗಿ ಕೊಡುತ್ತದೆ. ಆ ಕಟ್ಟಿನ ಗಾತ್ರ ಸಾಮಾನ್ಯವಾಗಿ ಕೆಲವು ಹತ್ತು ಕಿಲೋಬೈಟ್ ಮಾತ್ರ. ಮೊಬೈಲಿನಲ್ಲಿ ತೆಗೆದ ಒಂದು ಚಿತ್ರಕ್ಕಿಂತ ಎಷ್ಟೋ ಚಿಕ್ಕದು.

ಇಲ್ಲಿ ಒಂದು ಎಚ್ಚರಿಕೆ. ಆ ಕಟ್ಟನ್ನು ರೂಟರಿನೊಳಗೇ ಬಿಡುವುದು ತಿಜೋರಿಯ ಬೀಗದ ಕೈಯನ್ನು ತಿಜೋರಿಯೊಳಗೇ ಇಟ್ಟಂತೆ. ಅದರಲ್ಲಿಯೂ ರೂಟರಿನ ತಾತ್ಕಾಲಿಕ ಕಡತಕೋಶ ಓಡುವ ಸ್ಮೃತಿಯಲ್ಲಿರುವುದರಿಂದ, ವಿದ್ಯುತ್ ಹೋದೊಡನೆ ಅಲ್ಲಿಟ್ಟದ್ದು ಮಾಯವಾಗುತ್ತದೆ. ಆದಕಾರಣ ಮನೆಯಲ್ಲಿ ಸದಾ ನಡೆಯುತ್ತಿರುವ ಒಂದು ಪುಟ್ಟ ಗಣಕಯಂತ್ರವನ್ನು ಇಟ್ಟು, ಸ್ಕ್ರಿಪ್ಟನ್ನು ಅದರಲ್ಲಿ ಸ್ಥಾಪಿಸಿದೆ. ಅದು ನಡೆಸುವ ಕೆಲಸಗಳು ಇವು.

ಮೊದಲನೆಯದಾಗಿ, ಅದು ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಮಾರ್ಗದಿಂದ ರೂಟರನ್ನು ಪ್ರವೇಶಿಸುತ್ತದೆ. ಈ ಮಾರ್ಗವನ್ನು 1995ರಲ್ಲಿ ಫಿನ್ಲೆಂಡಿನ ತಾತು ಉಲೋನೆನ್ ಎಂಬುವರು ರೂಪಿಸಿದರು. ಅವರ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳ ಕಳವು ನಡೆದುದೇ ಅದಕ್ಕೆ ಪ್ರೇರಣೆ. ಸ್ಕ್ರಿಪ್ಟಿನೊಳಗೆ ಗುಪ್ತಪದವನ್ನು ಬರೆಯತಕ್ಕದ್ದಲ್ಲ. ಅದಕ್ಕೆ ಬದಲಾಗಿ ಜೋಡಿ ಕೀಲಿಗಳನ್ನು ಸೃಷ್ಟಿಸಿ, ಒಂದನ್ನು ಗಣಕಯಂತ್ರದಲ್ಲಿ ಗೋಪ್ಯವಾಗಿರಿಸಿ, ಇನ್ನೊಂದನ್ನು ರೂಟರಿನಲ್ಲಿ ನೋಂದಾಯಿಸಬೇಕು.

ಎರಡನೆಯದಾಗಿ, ಮೀಸಲು ಪ್ರತಿಯ ಆದೇಶವನ್ನು ನಡೆಸಿ, ಹೊರಬರುವ ಕಟ್ಟನ್ನು ನೇರವಾಗಿ ತನ್ನಲ್ಲಿಗೆ ತಂದುಕೊಳ್ಳುತ್ತದೆ.

ಮೂರನೆಯದಾಗಿ, ಕಡತಕ್ಕೆ ಅಂದಿನ ದಿನಾಂಕವನ್ನೇ ಹೆಸರಾಗಿ ಇಡುತ್ತದೆ. ಮೊದಲು ವರ್ಷ, ಅನಂತರ ತಿಂಗಳು, ಕೊನೆಗೆ ದಿನ ಎಂಬ ಕ್ರಮದಲ್ಲಿ ಬರೆದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಒಂದೇ ಹೆಸರಿನಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆಯುವುದು ತಪ್ಪು. ಹೊಂದಾಣಿಕೆಗಳನ್ನು ನಾವೇ ಕೆಡಿಸಿದ್ದರೆ, ಅಥವಾ ಯಾರಾದರೂ ಒಳನುಗ್ಗಿ ಬದಲಿಸಿದ್ದರೆ, ಇತ್ತೀಚಿನ ಪ್ರತಿಯಲ್ಲಿಯೂ ಆ ಕೇಡೇ ಇರುತ್ತದೆ. ಆಗ ನೆರವಿಗೆ ಬರುವುದು ಹಿಂದಿನ ತಿಂಗಳಿನ ಪ್ರತಿ. ಅಕ್ಕನ ಮನೆಯಲ್ಲಿ ಕೊನೆಯ 26 ವಾರಗಳ ಪ್ರತಿಗಳು ಉಳಿಯುತ್ತವೆ, ಅದಕ್ಕಿಂತ ಹಳೆಯವನ್ನು ಸ್ಕ್ರಿಪ್ಟೇ ಅಳಿಸುತ್ತದೆ.

ನಾಲ್ಕನೆಯದಾಗಿ, ಬಂದ ಕಡತವನ್ನು ಪರೀಕ್ಷಿಸುತ್ತದೆ. ಇದರ ಮಹತ್ವವನ್ನು ಸ್ವಲ್ಪ ಹೊತ್ತಿನಲ್ಲಿ ವಿವರಿಸುತ್ತೇನೆ.

ಐದನೆಯದಾಗಿ, ಪ್ರತಿಯನ್ನು ಬೇರೆ ಬೇರೆ ಕಡೆಗಳಲ್ಲಿ ಇರಿಸುತ್ತದೆ. ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರಿಂದ ಪ್ರಚಾರಕ್ಕೆ ಬಂದ ಮೂರು-ಎರಡು-ಒಂದು ಎಂಬ ಸೂತ್ರವಿದೆ. ಒಟ್ಟು ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಮನೆಯಿಂದ ಹೊರಗಿರಬೇಕು. ಅದರಂತೆ ಒಂದು ಪ್ರತಿ ಆ ಪುಟ್ಟ ಗಣಕಯಂತ್ರದಲ್ಲಿ, ಇನ್ನೊಂದು ಅದಕ್ಕೆ ಚುಚ್ಚಿರುವ ಪೆನ್ ಡ್ರೈವಿನಲ್ಲಿ, ಮೂರನೆಯದು ದೆಹಲಿಯ ನನ್ನ ಮನೆಯಲ್ಲಿ ಇರುತ್ತದೆ. ಸಿಡಿಲು ಬಡಿದು ಪುಣೆಯ ಯಂತ್ರಗಳೆಲ್ಲ ಒಟ್ಟಿಗೆ ಸುಟ್ಟರೂ ದೆಹಲಿಯ ಪ್ರತಿ ಉಳಿಯುತ್ತದೆ.

ಆರನೆಯದಾಗಿ, ಇದೆಲ್ಲವೂ ನಿಗದಿತ ವೇಳೆಗೆ ತಾನಾಗಿ ನಡೆಯಬೇಕು. ಯುನಿಕ್ಸ್ ಮತ್ತು ಲಿನಕ್ಸ್ ಗಣಕಯಂತ್ರಗಳಲ್ಲಿ ಈ ಕೆಲಸಕ್ಕೆ ಕ್ರಾನ್ ಎಂಬ ವ್ಯವಸ್ಥೆ ಇದೆ. ಕಾಲವನ್ನು ಸೂಚಿಸುವ ಗ್ರೀಕ್ ಪದದಿಂದ ಬಂದ ಹೆಸರು. ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರದ ದಿನ ಎಂಬ ಐದು ಅಂಕಣಗಳನ್ನು ತುಂಬಿ, ಮುಂದೆ ಸ್ಕ್ರಿಪ್ಟಿನ ಹೆಸರು ಬರೆದರೆ ಸಾಕು. ನಾನು ಭಾನುವಾರ ಬೆಳಿಗ್ಗೆ 11 ಗಂಟೆ ಎಂದು ಬರೆದಿದ್ದೇನೆ. ವಿಂಡೋಸ್ ಬಳಸುವವರು ಟಾಸ್ಕ್ ಶೆಡ್ಯೂಲರ್ ಎಂಬ ಸೌಲಭ್ಯವನ್ನು ಉಪಯೋಗಿಸಬಹುದು. 2018ರಿಂದೀಚಿನ ವಿಂಡೋಸ್ 10ರಲ್ಲಿ ಎಸ್‌ಎಸ್‌ಎಚ್ ಸಹ ಜೊತೆಯಲ್ಲಿಯೇ ಬರುತ್ತದೆ. ಗಣಕಯಂತ್ರವು ಆರಿರುವ ವೇಳೆಯನ್ನು ಮಾತ್ರ ಗೊತ್ತುಮಾಡಬೇಡಿ. ಸಾಮಾನ್ಯ ಕ್ರಾನ್ ತಪ್ಪಿದ ಸರದಿಯನ್ನು ಆಮೇಲೆ ತುಂಬಿಕೊಡುವುದಿಲ್ಲ.

ನನ್ನದೇ ಒಂದು ತಪ್ಪು

ಈ ಏರ್ಪಾಡು ಮಾಡಿ ನಾನು ನಿಶ್ಚಿಂತನಾಗಿದ್ದೆ. ಪ್ರತಿ ಭಾನುವಾರವೂ ಹೊಸ ದಿನಾಂಕದ ಕಡತವೊಂದು ದೆಹಲಿಗೆ ಬಂದು ಸೇರುತ್ತಿತ್ತು. ಐದು ತಿಂಗಳ ಮೇಲೆ ಕುತೂಹಲಕ್ಕೆಂದು ಒಂದನ್ನು ತೆರೆದೆ. ಅದರಲ್ಲಿ ಏನೂ ಇರಲಿಲ್ಲ. ಅದರ ಹಿಂದಿನದರಲ್ಲಿಯೂ ಇರಲಿಲ್ಲ. ಎಲ್ಲವೂ ಸೊನ್ನೆ ಬೈಟಿನ ಖಾಲಿ ಕಡತಗಳು.

ಆದದ್ದು ಇಷ್ಟೆ. ಒಂದು ಸಲ ರೂಟರನ್ನು ಮೂಲಸ್ಥಿತಿಗೆ ತಂದು ಮತ್ತೆ ಅಣಿಗೊಳಿಸಿದಾಗ ಅದರ ಗುರುತಿನ ಕೀಲಿ ಬದಲಾಗಿತ್ತು. ಎಸ್‌ಎಸ್‌ಎಚ್ ಇದು ತನಗೆ ತಿಳಿದ ರೂಟರಲ್ಲವೆಂದು ಸಂಪರ್ಕವನ್ನು ನಿರಾಕರಿಸಿತು. ಅದು ತನ್ನ ಕರ್ತವ್ಯವನ್ನು ಸರಿಯಾಗಿಯೇ ಮಾಡಿತ್ತು. ಆದರೆ ಆದೇಶದ ಫಲವನ್ನು ಕಡತಕ್ಕೆ ತುಂಬುವ ಕ್ರಮದಲ್ಲಿ, ಆದೇಶ ವಿಫಲವಾದರೂ ಕಡತವು ಮೊದಲೇ ಸೃಷ್ಟಿಯಾಗಿರುತ್ತದೆ. ಖಾಲಿ ಲಕೋಟೆಗಳಿಗೆ ದಿನಾಂಕ ಹಾಕಿ ಭದ್ರಪಡಿಸುತ್ತ ಕುಳಿತ ಗುಮಾಸ್ತನಂತಾಗಿತ್ತು ನನ್ನ ಸ್ಕ್ರಿಪ್ಟ್. ಆ ಐದು ತಿಂಗಳಲ್ಲಿ ರೂಟರ್ ಕೆಟ್ಟಿದ್ದರೆ ಅಕ್ಕನಿಗೆ ಏನೆಂದು ಉತ್ತರಿಸಬೇಕಾಗಿತ್ತು ಎಂಬುದನ್ನು ನೆನೆದರೆ ಇಂದಿಗೂ ಸಂಕೋಚವಾಗುತ್ತದೆ.

ಈಗ ಸ್ಕ್ರಿಪ್ಟ್ ಮೂರು ಸಂಗತಿಗಳನ್ನು ನೋಡುತ್ತದೆ. ಆದೇಶವು ಯಶಸ್ಸಿನ ಸಂಕೇತವಾದ ಸೊನ್ನೆಯನ್ನು ಹಿಂದಿರುಗಿಸಿತೇ? ಕಡತವು ಖಾಲಿಯಲ್ಲವಷ್ಟೆ? ಕಟ್ಟನ್ನು ಬಿಚ್ಚಿ ಒಳಗಿನ ಕಡತಗಳ ಪಟ್ಟಿ ಓದಲು ಸಾಧ್ಯವೇ? ಮೂರೂ ಸರಿಯಿದ್ದರೆ ಮಾತ್ರ ಹಳೆಯ ಪ್ರತಿಯನ್ನು ಅಳಿಸುತ್ತದೆ. ಇಲ್ಲವಾದರೆ ನನಗೆ ಮಿಂಚಂಚೆ ಕಳಿಸುತ್ತದೆ. ಸರಿಯಿದ್ದಾಗಲೂ ವಾರಕ್ಕೊಂದು ಸಾಲಿನ ಪತ್ರ ಬರುತ್ತದೆ. ಪತ್ರವೇ ಬಾರದಿದ್ದ ಭಾನುವಾರ ಏನೋ ತಪ್ಪಿದೆಯೆಂದು ತಿಳಿಯುತ್ತೇನೆ.

ಗೋಪ್ಯತೆಯ ಪ್ರಶ್ನೆ

ಮೀಸಲು ಪ್ರತಿಯು ಮನೆಯ ಕೀಲಿಗೊಂಚಲಿಗೆ ಸಮಾನ. ವೈ-ಫೈ ಗುಪ್ತಪದ, ಸೇವಾ ಸಂಸ್ಥೆಯ ಖಾತೆಯ ಗುಪ್ತಪದ ಇವು ಅದರಲ್ಲಿ ಓದಲು ಬರುವಂತೆಯೇ ಇರುತ್ತವೆ. ಆದುದರಿಂದ ಅದನ್ನು ಹಾಗೆಯೇ ಮಿಂಚಂಚೆಗೆ ಲಗತ್ತಿಸುವುದಾಗಲಿ, ಬಂಧುಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದಾಗಲಿ ಸರಿಯಲ್ಲ. ದೆಹಲಿಗೆ ಬರುವ ಪ್ರತಿಗೆ ಜಿಪಿಜಿ ಎಂಬ ತಂತ್ರಾಂಶದಿಂದ ಬೀಗ ಹಾಕಲಾಗುತ್ತದೆ. ಇದು ಅಂಚೆಪೆಟ್ಟಿಗೆಯಂತೆ ಕೆಲಸ ಮಾಡುತ್ತದೆ: ಕಾಗದ ಹಾಕಲು ಯಾರಿಗೂ ಕೀಲಿ ಬೇಡ, ತೆಗೆಯಲು ಮಾತ್ರ ಕೀಲಿ ಬೇಕು. ಪುಣೆಯ ಗಣಕಯಂತ್ರವು ಬೀಗ ಹಾಕಬಲ್ಲದು, ತೆರೆಯಲಾರದು. ತೆರೆಯುವ ಕೀಲಿ ನನ್ನಲ್ಲಿದೆ. ನಾನಿಲ್ಲದ ಕಾಲಕ್ಕೆಂದು ಅದರ ಇನ್ನೊಂದು ಪ್ರತಿ ನನ್ನ ಹೆಂಡತಿಯ ಬಳಿಯಿದೆ. ಈ ಕೊನೆಯ ಮಾತನ್ನು ದಯವಿಟ್ಟು ಮರೆಯಬೇಡಿ. ಒಬ್ಬನಿಗೇ ತಿಳಿದ ಕೀಲಿಯಿಂದ ಬೀಗ ಹಾಕಿದರೆ ನಾವು ಮತ್ತೆ ಭಾವನವರ ಕಾಲಕ್ಕೇ ಮರಳಿದಂತಾಗುತ್ತದೆ.

ಇತರ ಬಗೆಯ ರೂಟರುಗಳು

ಎಲ್ಲ ಮನೆಗಳಲ್ಲಿಯೂ ಇಂತಹ ತಂತ್ರಾಂಶವಿರುವುದಿಲ್ಲವೆಂಬುದು ನನಗೆ ಗೊತ್ತು. ಮೈಕ್ರೋಟಿಕ್ ರೂಟರುಗಳಲ್ಲಿ ವೇಳಾಪಟ್ಟಿಯ ಸೌಲಭ್ಯ ಒಳಗೇ ಇದೆ. ಆದರೆ ಅದರ ಏಳನೆಯ ಆವೃತ್ತಿಯಲ್ಲಿ ಪಠ್ಯರೂಪದ ಪ್ರತಿ ತೆಗೆದರೆ, ನಾವು ಬೇರೆಯಾಗಿ ಕೇಳದ ಹೊರತು ಗುಪ್ತಪದಗಳು ಅದರಲ್ಲಿ ಸೇರುವುದಿಲ್ಲ ಎಂಬುದನ್ನು ಗಮನಿಸಬೇಕು. ಸೇವಾ ಸಂಸ್ಥೆಯವರು ಕೊಟ್ಟ ಸಾಮಾನ್ಯ ಪೆಟ್ಟಿಗೆಗಳಲ್ಲಿ ಸ್ಕ್ರಿಪ್ಟಿಗೆ ಅವಕಾಶವಿಲ್ಲದಿರಬಹುದು. ಅಂತಹವರು ಧೈರ್ಯಗೆಡಬೇಕಾಗಿಲ್ಲ. ಮೊಬೈಲಿನ ಪಂಚಾಂಗದಲ್ಲಿ ತಿಂಗಳಿಗೊಮ್ಮೆ ಜ್ಞಾಪನೆ ಇಟ್ಟುಕೊಂಡು ಕೈಯಿಂದಲೇ ಪ್ರತಿ ಇಳಿಸಿಕೊಳ್ಳಬಹುದು. ಅದಕ್ಕೂ ಅವಕಾಶವಿಲ್ಲದಿದ್ದರೆ ಖಾತೆಯ ಹೆಸರು, ಗುಪ್ತಪದ, ವೈ-ಫೈ ವಿವರ, ಸೇವಾ ಸಂಸ್ಥೆಯ ದೂರವಾಣಿ ಸಂಖ್ಯೆ ಇಷ್ಟನ್ನು ಕಾಗದದ ಮೇಲೆ ಬರೆದು ಮನೆಪತ್ರಗಳೊಂದಿಗೆ ಇಡಿ. ಕಾಗದವೂ ಮೀಸಲು ಪ್ರತಿಯೇ.

ಒಂದು ಮಾದರಿಯ ರೂಟರಿನ ಪ್ರತಿಯನ್ನು ಬೇರೊಂದು ಮಾದರಿಗೆ ಹಾಕಬಾರದು. ಕೇಬಲ್ ಚುಚ್ಚುವ ಸ್ಥಾನಗಳ ಹೆಸರುಗಳೇ ಬೇರೆಯಾಗಿದ್ದು, ರೂಟರನ್ನು ಪ್ರವೇಶಿಸಲಾಗದಂತೆ ಆಗಬಹುದು. ಅಂತಹ ಸಂದರ್ಭದಲ್ಲಿ ಹಳೆಯ ಪ್ರತಿಯನ್ನು ಬಿಚ್ಚಿ, ಓದಿ, ಬೇಕಾದುದನ್ನು ಹೊಸದರಲ್ಲಿ ಕೈಯಿಂದ ತುಂಬಬೇಕು. ಹಾಗೆಯೇ ನಾವು ಹೆಚ್ಚುವರಿಯಾಗಿ ಸೇರಿಸಿಕೊಂಡ ತಂತ್ರಾಂಶಗಳು ಈ ಕಟ್ಟಿನಲ್ಲಿ ಬರುವುದಿಲ್ಲ, ಅವುಗಳ ಪಟ್ಟಿಯನ್ನು ಬೇರೆಯಾಗಿ ಇಡಬೇಕು.

ಪರೀಕ್ಷೆಯೇ ಪ್ರಮಾಣ

ಮರಳಿ ಹಾಕಿ ನೋಡದ ಮೀಸಲು ಪ್ರತಿಯನ್ನು ನಂಬುವಂತಿಲ್ಲ. ಅದೇ ಮಾದರಿಯ ಹಳೆಯ ರೂಟರೊಂದನ್ನು ಕೊಂಡು, ಅದೇ ತಂತ್ರಾಂಶವನ್ನು ಹಾಕಿ, ಪ್ರತಿಯನ್ನು ಅದರಲ್ಲಿ ಮರಳಿಸಿ ಪರೀಕ್ಷಿಸಿದೆ. ಅನಂತರ ಅದನ್ನು ಅಕ್ಕನ ಕಪಾಟಿನಲ್ಲಿಯೇ ಇಟ್ಟು, ಏನು ಮಾಡಬೇಕೆಂಬುದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಎಂಟು ಸಾಲುಗಳಲ್ಲಿ ಬರೆದು ಅಂಟಿಸಿದೆ.

2024ರ ಮಳೆಗಾಲದಲ್ಲಿ ಒಂದು ಸಂಜೆ ಸಿಡಿಲಿನ ಹೊಡೆತಕ್ಕೆ ಹಳೆಯ ರೂಟರ್ ಸುಟ್ಟುಹೋಯಿತು. ಅಕ್ಕ ಬಾಲ್ಕನಿಯಿಂದ ದೂರವಾಣಿ ಮಾಡಿದಳು. "ಹಾಳೆ ಓದಿ ಮಾಡ್ತೀನಿ, ತಪ್ಪಿದರೆ ಹೇಳು" ಎಂದು ಒಳಗೆ ಹೋದಳು. ಕಪಾಟಿನ ರೂಟರನ್ನು ತೆಗೆದು ಕೇಬಲ್ ಚುಚ್ಚಿದಳು. ಪೆನ್ ಡ್ರೈವನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ, ಅದನ್ನು ರೂಟರಿಗೆ ಜೋಡಿಸಿ, ನಿರ್ವಹಣೆಯ ಪುಟದಲ್ಲಿ ಕೊನೆಯ ದಿನಾಂಕದ ಕಡತವನ್ನು ಆರಿಸಿದಳು. ರೂಟರ್ ಆರಿ ಮತ್ತೆ ಹೊತ್ತಿಕೊಂಡಿತು. ಅವಳು ಬಾಲ್ಕನಿಗೆ ಮತ್ತೆ ಬರಲಿಲ್ಲ. ಅರ್ಧ ಗಂಟೆಯ ಮೇಲೆ ಮನೆಯೊಳಗಿನಿಂದಲೇ, ಮುಖ ಕಾಣುವ ಕರೆಯಲ್ಲಿ, ನನ್ನೊಡನೆ ಮಾತನಾಡಿದಳು. ಆ ರಾತ್ರಿಯ ಮಗಳ ಕರೆ ತಪ್ಪಲಿಲ್ಲ.

ಬಂಧುಗಳೆ, ಊರಿನಿಂದ ದೂರವಿರುವ ನಮಗೆ ಈ ಪುಟ್ಟ ಪೆಟ್ಟಿಗೆಯೇ ಹಿರಿಯರ ಮುಖವನ್ನೂ ಮಕ್ಕಳ ಧ್ವನಿಯನ್ನೂ ಮನೆಯೊಳಗೆ ತರುವ ಬಾಗಿಲು. ಅದರ ನೆನಪು ಮನೆಯ ಒಬ್ಬರ ತಲೆಯಲ್ಲಿ ಮಾತ್ರ ಉಳಿಯಬಾರದು. ಮುಂದಿನ ಭಾನುವಾರ ಒಂದು ಗಂಟೆಯ ಬಿಡುವು ಮಾಡಿಕೊಂಡು, ನಿಮ್ಮ ರೂಟರಿನ ಒಂದು ಪ್ರತಿಯನ್ನಾದರೂ ತೆಗೆಯಿರಿ. ಅದು ಎಲ್ಲಿದೆ, ಹೇಗೆ ಮರಳಿ ಹಾಕಬೇಕು ಎಂಬುದನ್ನು ಮನೆಯ ಮತ್ತೊಬ್ಬರಿಗೆ ತಿಳಿಸಿರಿ. ತಾನಾಗಿ ನಡೆಯುವ ಏರ್ಪಾಡನ್ನು ಆಮೇಲೆ ನಿಧಾನವಾಗಿ ಮಾಡಿಕೊಳ್ಳಬಹುದು.